ಒಂದು ಚಕ್ರ ಮಾತ್ರ ಒಣಗಿತ್ತು: ಪಿಕಪ್‌ಗೆ ಬ್ರೇಕ್ ಕ್ಯಾಲಿಪರ್ ಹಾಕಿದ ನನ್ನ ಅನುಭವ

ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿ ತೀರ್ಥಹಳ್ಳಿ ಕಡೆ ವಾಪಸ್ ಬರುತ್ತಿದ್ದೆ. ಮೃಗಶಿರ ಮಳೆ ಆಗಷ್ಟೇ ಹಿಡಿದಿತ್ತು. ಸಕ್ರೆಬೈಲು ದಾಟಿದ ಮೇಲೆ ಪಿಕಪ್ ಎಡಕ್ಕೆ ಎಳೆಯತೊಡಗಿತು. ರಸ್ತೆ ಓರೆ ಇರಬೇಕು ಅಂದುಕೊಂಡೆ. ಮಂಡಗದ್ದೆಯಲ್ಲಿ ಚಹಾಕ್ಕೆ ನಿಲ್ಲಿಸಿ ಇಳಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಗಾಡಿಗೆ ಒಂದು ಸುತ್ತು ಬಂದೆ. ಜಿಟಿಜಿಟಿ ಮಳೆಗೆ ಮೂರು ಚಕ್ರದ ರಿಮ್ ನೆನೆದು ನೀರು ಇಳಿಯುತ್ತಿತ್ತು. ಮುಂದಿನ ಎಡ ಚಕ್ರದ ರಿಮ್ ಮಾತ್ರ ಒಣಗಿತ್ತು. ಅದರ ಮೇಲೆ ಬಿದ್ದ ಹನಿ ಚುಂಯ್ ಅಂತ ಹಾರಿಹೋಗುತ್ತಿತ್ತು.

ಚಹಾ ಅಂಗಡಿಯಲ್ಲಿದ್ದ ಒಬ್ಬರು ಒಂದು ಕೊಡ ನೀರು ಹೊಯ್ಯಲು ಹೇಳಿದರು. ಹೊಯ್ಯಬಾರದು. ಅಷ್ಟು ಕಾದ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಅರ್ಧ ಗಂಟೆ ಹಾಗೇ ಬಿಟ್ಟೆ. ಆಮೇಲೆ ಆದಷ್ಟು ಬ್ರೇಕ್ ಮುಟ್ಟದೆ, ಗೇರಿನಲ್ಲೇ ತಡೆದುಕೊಂಡು, ಎರಡು ಕಡೆ ನಿಲ್ಲಿಸಿ ಆರಿಸಿ ಮನೆ ಮುಟ್ಟಿದೆ.

ತೀರ್ಥಹಳ್ಳಿಯ ನಮ್ಮ ಮೇಸ್ತ್ರಿಗೆ ಫೋನ್ ಮಾಡಿದೆ. ಮಳೆ ಶುರುವಾದರೆ ಅವರ ಗ್ಯಾರೇಜಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. "ಎಂಟು ದಿನ ಆಗ್ಬೋದು ಮಾರಾಯ್ರೆ. ನೀವೇ ಬಿಚ್ಚಿ, ಎಷ್ಟು ಸಲ ನಿಂತು ನೋಡಿದೀರಿ. ಆದ್ರೆ ಘಾಟಿ ಇಳಿಯೋ ಮುಂಚೆ ಒಂದ್ಸಲ ನನಗೆ ತೋರಿಸಿ" ಅಂದರು. ಆ ಕೊನೆಯ ಮಾತನ್ನು ನಾನು ಪಾಲಿಸಿದೆ. ಮೊದಲ ಸಲ ಬ್ರೇಕ್ ಬಿಚ್ಚುವವರೂ ಪಾಲಿಸಬೇಕು.

ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದಲ್ಲಿ ಗಾಡಿ ನಿಲ್ಲಿಸಿದೆ. ಮಣ್ಣಿನ ಅಂಗಳವಾದರೆ ಮಳೆಗಾಲದಲ್ಲಿ ಜಾಕಿ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಬೇಕೇ ಬೇಕು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೆ. ಜಾಕಿ ಏರಿಸಿ ಛಾಸಿ ಕೆಳಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕಿ ನಂಬಿ ಚಕ್ರದ ಹತ್ತಿರ ತಲೆ ಹಾಕುವುದು ಬೇಡವೇ ಬೇಡ.

ಚಕ್ರವನ್ನು ಎರಡು ಕೈಯಲ್ಲಿ ತಿರುಗಿಸಿದರೂ ಅಲುಗಲಿಲ್ಲ. ಬ್ರೇಕ್ ಜಾಮ್ ಅನ್ನುವುದು ಖಾತ್ರಿ. ಆದರೆ ಜಾಮ್ ಆದದ್ದು ಚಕ್ರದ ಜತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್ ನಡುವೆ ಹಿಸುಕಿ ಹಿಡಿಯುವ ಕ್ಯಾಲಿಪರೋ, ಅದಕ್ಕೆ ಬರುವ ರಬ್ಬರ್ ಹೋಸ್ ಪೈಪೋ? ಇದನ್ನು ನೋಡದೆ ಕ್ಯಾಲಿಪರ್ ತಂದರೆ ದುಡ್ಡು ದಂಡ. ಹಳೆಯ ಹೋಸ್ ಹೊರಗಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿ ಮುಚ್ಚಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಒಳಗೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಅದಕ್ಕೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್, ಅಂದರೆ ಗಾಳಿ ತೆಗೆಯುವ ಸಣ್ಣ ತಿರುಪು, ಅರ್ಧ ಸುತ್ತು ಸಡಿಲ ಮಾಡಬೇಕು. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ತಪ್ಪು ಹೋಸಿನದು. ನಮ್ಮದರಲ್ಲಿ ನಾಲ್ಕು ಹನಿ ಬಂತು, ಚಕ್ರ ಮಾತ್ರ ಕದಲಲಿಲ್ಲ. ಅಂದರೆ ಕ್ಯಾಲಿಪರೇ ಕಚ್ಚಿಕೊಂಡಿದೆ.

ಆ ನಿಪ್ಪಲ್ ವಿಷಯದಲ್ಲಿ ಒಂದು ಮಾತು. ತುಕ್ಕು ಹಿಡಿದ ನಿಪ್ಪಲ್‌ಗೆ ಬಾಯಿ ತೆರೆದ ಪಾನಾ ಹಾಕಿ ತಿರುಗಿಸಿದರೆ ಮೂಲೆ ಸವೆಯುತ್ತದೆ, ಇಲ್ಲವೇ ಮುರಿದೇ ಹೋಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ಬೆಳಿಗ್ಗೆ ರಿಂಗ್ ಪಾನಾ ಹಾಕಿದೆ.

ಚಕ್ರ ಬಿಚ್ಚಿ ಕ್ಯಾಲಿಪರಿನ ಎರಡು ಬೋಲ್ಟ್ ತೆಗೆದೆ. ಎಳೆದರೆ ಬರಲಿಲ್ಲ. ಎರಡೂ ಕಡೆ ಸ್ವಲ್ಪ ಸ್ವಲ್ಪ ಮೀಟಿ ಬಿಡಿಸಬೇಕಾಯಿತು. ಒಳಗಿನ ಪ್ಯಾಡ್ ಕಬ್ಬಿಣಕ್ಕೆ ಬಂದಿತ್ತು, ಹೊರಗಿನ ಪ್ಯಾಡ್ ಇನ್ನೂ ಅರ್ಧ ಉಳಿದಿತ್ತು. ಈ ಕ್ಯಾಲಿಪರ್ ಎರಡು ಗೈಡ್ ಪಿನ್ ಮೇಲೆ ಅತ್ತಿತ್ತ ಜಾರಬೇಕು. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ, ಕ್ಯಾಲಿಪರ್ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ನಮ್ಮದರ ಕೆಳಗಿನ ಪಿನ್ ಒಣಗಿ ಕಚ್ಚಿಕೊಂಡಿತ್ತು. ಪಿಸ್ಟನ್ನಿನ ರಬ್ಬರ್ ಟೊಪ್ಪಿ ಹರಿದು ಒಳಗೆ ಕೆಂಪು ಕೆಸರು ಕೂತಿತ್ತು. ಬೆರಳಲ್ಲಿ ಒರೆಸಿದರೆ ಪಿಸ್ಟನ್ ಮೈಮೇಲೆ ತುಕ್ಕಿನ ಸಣ್ಣ ಸಣ್ಣ ಗುಳಿಗಳು.

ಇಲ್ಲಿ ನಿರ್ಧಾರ ಮಾಡಬೇಕು. ಪಿಸ್ಟನ್ ನುಣುಪಾಗಿದ್ದರೆ ಸೀಲ್ ಕಿಟ್ (ಪಿಸ್ಟನ್ ಸುತ್ತ ಕೂರುವ ರಬ್ಬರ್ ಉಂಗುರ, ಟೊಪ್ಪಿ) ಹಾಕಿದರೆ ಸಾಕು, ಕಡಿಮೆ ಖರ್ಚು. ಕೆಲಸ ಎಲ್ಲ ಆ ಸೀಲಿನದ್ದೇ. ಬ್ರೇಕ್ ಒತ್ತಿದಾಗ ಪಿಸ್ಟನ್ ಜತೆ ಸ್ವಲ್ಪ ಹೊರಳಿಕೊಳ್ಳುತ್ತದೆ, ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಗುಳಿ ಬಿದ್ದ ಪಿಸ್ಟನ್ ಮೇಲೆ ಹೊಸ ಸೀಲ್ ಕೂರಿಸಿದರೆ ಅದೂ ಹರಿಯುತ್ತದೆ. ಹಾಗಾಗಿ ಪೂರ್ತಿ ಹೊಸ ಕ್ಯಾಲಿಪರ್ ಹಾಕುವುದು ಅಂತ ತೀರ್ಮಾನ ಮಾಡಿದೆ. ನಮ್ಮ ಕಡೆ ಗಾಡಿಯ ಬ್ರೇಕನ್ನು ಕಿಲೋಮೀಟರ್ ಲೆಕ್ಕದಲ್ಲಿ ನೋಡಬಾರದು, ಮಳೆಗಾಲದ ಲೆಕ್ಕದಲ್ಲಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕೆಸರಲ್ಲಿ ಓಡಿಸಿ ತಂದು ಕೊಟ್ಟಿಗೆ ಪಕ್ಕ ವಾರಗಟ್ಟಲೆ ನಿಲ್ಲಿಸುತ್ತೇವಲ್ಲ, ಹಾಳಾಗುವುದು ಆಗಲೇ.

ಹಳೆಯ ಕ್ಯಾಲಿಪರನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ಆದರೆ ಹೋಸ್ ಬಿಚ್ಚಿಟ್ಟರೆ ಆಯಿಲ್ ಪೂರಾ ಸುರಿದುಹೋಗುತ್ತದೆ. ಇದಕ್ಕೆ ಮೇಸ್ತ್ರಿ ಹೇಳಿಕೊಟ್ಟ ಉಪಾಯ ಇದೆ. ಪೆಡಲನ್ನು ಒಂದೆರಡು ಇಂಚು ಒತ್ತಿ ಹಾಗೇ ನಿಲ್ಲುವಂತೆ ಮಾಡಬೇಕು. ಆಗ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ, ಬಾನೆಟ್ ಕೆಳಗಿನ ಆಯಿಲ್ ಡಬ್ಬಿಯಿಂದ ಆಯಿಲ್ ಇಳಿಯುವ ತೂತು ಮುಚ್ಚಿಕೊಳ್ಳುತ್ತದೆ. ನಾನು ಅಡಿಕೆ ದಬ್ಬೆಯ ಒಂದು ತುಂಡನ್ನು ಅಳತೆಗೆ ಕಡಿದು ಸೀಟಿಗೂ ಪೆಡಲಿಗೂ ನಡುವೆ ಕೊಟ್ಟೆ. ಹೋಸಿನ ಬೋಲ್ಟ್ ಸಡಿಲಿಸಿದಾಗ ಸ್ವಲ್ಪ ಚೆಲ್ಲಿತು, ಆಮೇಲೆ ನಿಂತಿತು. ಹೋಸಿನ ಬಾಯಿಗೆ ಶುದ್ಧ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಪೆಡಲ್ ಒತ್ತಿಯೇ ಇರುವುದರಿಂದ ಹಿಂದಿನ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ. ಬ್ಯಾಟರಿಯ ಒಂದು ವೈರ್ ತೆಗೆದಿಡಲು ಮರೆಯಬೇಡಿ.

ಮರುದಿನ ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಒಂದು ಅಂಗಡಿಯಲ್ಲಿ ಹೊಸ ಕ್ಯಾಲಿಪರಿನ ಡಬ್ಬಿ ತೆಗೆದುಕೊಟ್ಟರು. ಕೌಂಟರ್ ಮೇಲೆ ಹಳೆಯದು, ಹೊಸದು ಪಕ್ಕಪಕ್ಕ ಇಟ್ಟೆ. ಬೋಲ್ಟಿನ ತೂತು ಸರಿ, ಪಿಸ್ಟನ್ ಅಳತೆ ಸರಿ. ಆದರೆ ಹಳೆಯದನ್ನು ಗಾಡಿಯಲ್ಲಿ ಇದ್ದ ಹಾಗೆ ಹಿಡಿದರೆ ನಿಪ್ಪಲ್ ಮೇಲೆ ಬರುತ್ತಿತ್ತು, ಹೊಸದನ್ನು ಹಾಗೇ ಹಿಡಿದರೆ ಕೆಳಗೆ. "ಎರಡೂ ಒಂದೇ ಸಾರ್, ಕೂರುತ್ತೆ" ಅಂದ ಹುಡುಗ. ಕೂರುವುದು ನಿಜ. ಅದೇ ಅಪಾಯ. ಗಾಳಿ ಯಾವತ್ತೂ ಮೇಲಕ್ಕೇ ಸೇರುತ್ತದೆ. ನಿಪ್ಪಲ್ ಕೆಳಗಿದ್ದರೆ ಎಷ್ಟು ಪಂಪ್ ಮಾಡಿದರೂ ಬರೀ ಆಯಿಲ್ ಹೊರಗೆ ಬರುತ್ತದೆ, ಗಾಳಿ ಮೇಲೆ ಕೂತೇ ಇರುತ್ತದೆ. ಅದು ಬಲಗಡೆಯ ಕ್ಯಾಲಿಪರ್. ಬದಲಿಸಿಕೊಂಡು ಎಡದ್ದನ್ನೇ ತಂದೆ. ಜತೆಗೆ ಎರಡೂ ಚಕ್ರಕ್ಕೆ ಆಗುವ ಪ್ಯಾಡ್ ಸೆಟ್, ತಾಮ್ರದ ವಾಷರ್, ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್, ಸೀಲ್ ಒಡೆಯದ ಬ್ರೇಕ್ ಆಯಿಲ್. ಪ್ಯಾಡನ್ನು ಒಂದೇ ಚಕ್ರಕ್ಕೆ ಹಾಕಬಾರದು. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ತಿರುಗುತ್ತದೆ.

ಜೋಡಿಸುವುದು ಕಷ್ಟದ ಕೆಲಸವಲ್ಲ. ಬ್ರಾಕೆಟ್ಟಿಗೆ ವೈರ್ ಬ್ರಷ್ ಹಾಕಿ ಉಜ್ಜಿದೆ. ಧೂಳನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಡಿಸ್ಕ್‌ನ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರುತ್ತಾರೆ, ಅಳತೆ ಮಾಡಿದೆ, ನಮ್ಮದು ಇನ್ನೂ ಇತ್ತು. ಗೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದೆ. ಮನೆಯಲ್ಲಿರುವ ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಮತ್ತೆ ಪಿನ್ ಕಚ್ಚುತ್ತದೆ. ಹೋಸಿನ ಬೋಲ್ಟಿಗೆ ಎರಡು ತಾಮ್ರದ ವಾಷರ್, ಹೋಸಿನ ತಲೆಯ ಆಚೆ ಒಂದು, ಈಚೆ ಒಂದು. ಹಳೆಯ ವಾಷರ್ ಒಮ್ಮೆ ಅಪ್ಪಚ್ಚಿಯಾಗಿರುತ್ತದೆ, ಮತ್ತೆ ಹಾಕಿದರೆ ಒಸರುತ್ತದೆ. ಬಲಗಡೆ ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸಿನಲ್ಲಿ ನೇತಾಡಲು ಬಿಡದೆ ಬೈಂಡಿಂಗ್ ವೈರಿನಲ್ಲಿ ಸ್ಪ್ರಿಂಗಿಗೆ ಕಟ್ಟಿದ್ದೆ. ಕೊನೆಗೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ತಿರುಚಿಲ್ಲ, ಉಜ್ಜುವುದಿಲ್ಲ ಅಂತ ನೋಡಿಕೊಂಡೆ.

ಇನ್ನು ಗಾಳಿ ತೆಗೆಯುವ ಕೆಲಸ. ಇದು ಒಬ್ಬರಿಂದ ಆಗುವುದು ಕಷ್ಟ. ಮಗಳು ಕಾಲೇಜಿನಿಂದ ಬಂದಿದ್ದಳು, ಅವಳನ್ನು ಸೀಟಿನಲ್ಲಿ ಕೂರಿಸಿದೆ. ದಬ್ಬೆ ತೆಗೆದು ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟೆ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪೆಡಲ್ ದಿನಾ ಓಡಾಡದ ಆಳದಲ್ಲಿ ತುಕ್ಕು, ಗಸಿ ಇರುತ್ತದೆ. ನೆಲ ಮುಟ್ಟುವಂತೆ ತುಳಿದರೆ ಒಳಗಿನ ಸೀಲ್ ಅದರ ಮೇಲೆ ಉಜ್ಜಿ ಹರಿಯಬಹುದು.

ಮೊದಲು ಡಬ್ಬಿ ತುಂಬಿಸಿ, ನಿಪ್ಪಲ್ ಬಿಟ್ಟು, ಹದಿನೈದು ನಿಮಿಷ ಆಯಿಲ್ ತಾನಾಗೇ ತೊಟ್ಟಿಕ್ಕಲು ಬಿಟ್ಟೆ. ಹೊಸ ಕ್ಯಾಲಿಪರಿನ ಹೊಟ್ಟೆಯ ದೊಡ್ಡ ಗಾಳಿ ಹೀಗೇ ಹೋಗುತ್ತದೆ. ಆಮೇಲೆ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದೆ. ಇಂಜಿನ್ ಆಫ್.

"ಒತ್ತು ಮಗಾ. ಬಿಡು. ಒತ್ತು. ಬಿಡು. ಒತ್ತಿ ಹಿಡ್ಕೋ."

"ಹಿಡ್ಕಂಡಿದೀನಿ ಅಪ್ಪಯ್ಯ."

ನಿಪ್ಪಲ್ ಬಿಟ್ಟ ಕೂಡಲೇ ಪೈಪಿನಲ್ಲಿ ಸೋಡಾದ ಹಾಗೆ ಗುಳ್ಳೆ ನುಗ್ಗಿತು. ನಿಪ್ಪಲ್ ಬಿಗಿ ಮಾಡಿ "ಈಗ ಬಿಡು" ಅಂದೆ. ಈ ಕ್ರಮ ತಪ್ಪಬಾರದು. ನಾನು ಬಿಗಿ ಮಾಡುವ ಮೊದಲೇ ಅವಳು ಕಾಲು ತೆಗೆದರೆ ಹೊರಗಿನ ಗಾಳಿಯನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ "ಬಿಡು" ಅನ್ನದೆ ಕಾಲು ತೆಗೆಯಬೇಡ ಅಂತ ಮೊದಲೇ ಹೇಳಿದ್ದೆ. ಏಳೆಂಟು ಸಲ ಆದ ಮೇಲೆ ಗುಳ್ಳೆ ಕಡಿಮೆಯಾಯಿತು.

ಅಷ್ಟರಲ್ಲಿ ಪಕ್ಕದ ಮನೆಯವರು ಮದುವೆ ಕಾಗದ ಹಿಡಿದುಕೊಂಡು ಬಂದರು. ಮಾತಾಡುತ್ತಾ ಕೆಲಸ ಮುಂದುವರಿಸಿದೆ. ಬಾನೆಟ್ ಒಳಗಿನ ಡಬ್ಬಿ ನೋಡುವುದು ಬಿಟ್ಟುಹೋಯಿತು. ಪೈಪಿನಲ್ಲಿ ಮತ್ತೆ ದೊಡ್ಡ ದೊಡ್ಡ ಗುಳ್ಳೆ ಬಂದಾಗ ಎದೆ ಧಸಕ್ಕೆಂದಿತು. ಡಬ್ಬಿಯ ತಳ ಕಾಣುತ್ತಿತ್ತು. ಮಾಸ್ಟರ್ ಸಿಲಿಂಡರೇ ಗಾಳಿ ಕುಡಿದಿತ್ತು. ಒಂದು ಚಕ್ರದಲ್ಲಿ ಮುಗಿಯಬೇಕಾದ ಕೆಲಸ ನಾಲ್ಕೂ ಚಕ್ರಕ್ಕೆ ಬಂತು. ನಾಲ್ಕು ಸಲ ಒತ್ತಿದ ಮೇಲೆ ಡಬ್ಬಿ ನೋಡಲೇಬೇಕು. ಮಿನಿಮಮ್ ಗೆರೆಗಿಂತ ಕೆಳಗೆ ಇಳಿಯಲು ಬಿಡಬಾರದು.

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಬೇಕು. ನಮ್ಮ ಗಾಡಿಗಳಲ್ಲಿ ಅದು ಹಿಂದಿನ ಎಡ ಚಕ್ರ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪಿಕಪ್‌ನಲ್ಲಿ ಇನ್ನೊಂದು ಇದೆ. ಹಿಂದಿನ ಆಕ್ಸೆಲ್ಲಿಗೆ ಕಡ್ಡಿ ಕಟ್ಟಿದ ಒಂದು ವಾಲ್ವ್. ಲೋಡ್ ಜಾಸ್ತಿ ಇದ್ದರೆ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್, ಖಾಲಿ ಇದ್ದರೆ ಕಡಿಮೆ ಕೊಡುವುದು ಅದರ ಕೆಲಸ. ಹಿಂಭಾಗವನ್ನು ಜಾಕಿ ಮೇಲೆ ತೂಗುಬಿಟ್ಟರೆ ಗಾಡಿ ಖಾಲಿ ಅಂತ ಅದು ದಾರಿ ಕಟ್ಟುತ್ತದೆ. ಹಾಗಾಗಿ ಹಿಂದಿನ ಚಕ್ರ ನೆಲದ ಮೇಲಿರುವಾಗಲೇ ಗಾಳಿ ತೆಗೆದೆ. ವಾಲ್ವಿಗೂ ಒಂದು ನಿಪ್ಪಲ್ ಇತ್ತು, ಅಲ್ಲಿಯೂ ತೆಗೆದೆ. ಆ ಕಡ್ಡಿಯನ್ನು ಮಾತ್ರ ಬಗ್ಗಿಸಬಾರದು.

ಹಿಂದಿನ ಚಕ್ರದಿಂದ ಬಂದ ಆಯಿಲ್ ನೋಡಿ ನನಗೆ ಗಾಬರಿಯಾಯಿತು. ಥೇಟ್ ಅಡಿಕೆ ಬೇಯಿಸಿದ ನೀರಿನ ಹಾಗೆ ಕಪ್ಪು ಚೊಗರು. ಹೊಸ ಆಯಿಲ್ ತಿಳಿ ಜೇನಿನ ಬಣ್ಣ ಇರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಲೆನಾಡಿನಲ್ಲಿ ತೇವಕ್ಕೇನು ಬರ ಇಲ್ಲ. ಡಾಟ್ 3, ಡಾಟ್ 4 ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್ ತನಕವಾದರೂ ಕುದಿಯಬಾರದು ಅಂತ ಮಾನದಂಡ ಇದೆ. ನೀರು ಸೇರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಆಗುಂಬೆಯ ತಿರುವುಗಳಲ್ಲಿ ಲೋಡ್ ಹಾಕಿಕೊಂಡು ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ಹೇಳುವುದು ಇದಕ್ಕೇ. ನಾನು ನಾಲ್ಕು ವರ್ಷ ಬಿಟ್ಟಿದ್ದೆ. ಯಾವ ಆಯಿಲ್ ಬೇಕು ಅನ್ನುವುದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಅಟ್ಟದ ಮೇಲೆ ಅರ್ಧ ಉಳಿದ ಹಳೆಯ ಬಾಟಲಿ ಬೇಡ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದುಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ತೆಗೆದ ಆಯಿಲನ್ನು ತೋಟದ ಬಸಿಗಾಲುವೆಗೆ ಸುರಿಯದೆ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಟ್ಟೆ.

ಎಲ್ಲ ಮುಗಿದ ಮೇಲೆ ಪೆಡಲ್ ಗಟ್ಟಿಯಾಗಿತ್ತು, ಆದರೆ ಸ್ವಲ್ಪ ಕೆಳಗಿತ್ತು. ಒತ್ತಿದಾಗ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಒಳಗೆ ಇನ್ನೂ ಗಾಳಿ ಇದೆ ಅಂತ. ಕೆಳಗೆ ಹೋಗಿ ಗಟ್ಟಿಯಾಗಿ ನಿಂತು, ಎರಡನೇ ಸಲ ಒತ್ತಿದಾಗ ಮೇಲೇ ಸಿಕ್ಕರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ಒತ್ತಬೇಕಾದ ಲೈನರ್ ದೂರ ಇದೆ ಅಂತ. ಲೈನರ್ ಅಡ್ಜಸ್ಟ್ ಮಾಡಿದೆ, ಪೆಡಲ್ ಮೇಲೆ ಬಂತು. ಇಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದೆ. ಕುಸಿಯಲಿಲ್ಲ. ಮಗಳು ಟಾರ್ಚ್ ಬಿಟ್ಟು ಒಂದೊಂದೇ ಜಾಯಿಂಟ್ ನೋಡಿ "ಎಲ್ಲೂ ಒಸರ್ತಿಲ್ಲ" ಅಂದಳು.

ಮೊದಲು ಅಂಗಳದಲ್ಲೇ, ಆಮೇಲೆ ಊರಿನ ಸಮತಟ್ಟು ರಸ್ತೆಯಲ್ಲಿ ಓಡಿಸಿದೆ. ಐವತ್ತರ ವೇಗದಿಂದ ಹತ್ತಕ್ಕೆ ನಿಧಾನ ಮಾಡುವುದು, ಸ್ವಲ್ಪ ಆರಲು ಬಿಡುವುದು, ಹೀಗೆ ಹತ್ತು ಸಲ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕಲ್ಲ. ಮರುದಿನ ಮೇಸ್ತ್ರಿ ಪೆಡಲ್ ಒತ್ತಿ ನೋಡಿ, ಕೆಳಗೆ ಬಗ್ಗಿ ಹೋಸಿನ ಬೋಲ್ಟಿಗೆ ತಾವೊಮ್ಮೆ ಪಾನಾ ಹಾಕಿ ನೋಡಿ, ಘಾಟಿಗೆ ಹೋಗಬಹುದು ಅಂದರು. ಬಲಗಡೆಯ ಕ್ಯಾಲಿಪರಿನ ಟೊಪ್ಪಿಯಲ್ಲೂ ಒಂದು ಸಣ್ಣ ಬಿರುಕು ತೋರಿಸಿದರು. ಪಿಸ್ಟನ್ ಇನ್ನೂ ನುಣುಪಾಗಿದೆ, ಅದಕ್ಕೆ ಕಿಟ್ ಸಾಕು. ಆರಿದ್ರೆ ಮಳೆ ಬರುವುದರೊಳಗೆ ಹಾಕಬೇಕು ಅಂತ ಕಿಟ್ ತಂದಿಟ್ಟಿದ್ದೇನೆ.

ಮುಂದಿನ ವಾರ ಮಂಡಿಯಿಂದ ಬರುವಾಗ ಮಂಡಗದ್ದೆಯಲ್ಲಿ ಮತ್ತೆ ನಿಲ್ಲಿಸಿದೆ. ಜೋರು ಮಳೆ. ಕೊಡೆ ಹಿಡಿದುಕೊಂಡು ಮುಂದಿನ ಎರಡೂ ರಿಮ್ ಮುಟ್ಟಿ ನೋಡಿದೆ. ಎರಡೂ ಒಂದೇ ಹದ ಬೆಚ್ಚಗಿದ್ದವು, ಎರಡರ ಮೇಲೂ ನೀರು ಇಳಿಯುತ್ತಿತ್ತು.