ಬಿಸಿಲಲ್ಲಿ ಹಕ್ಕಿ ಕಾಯುವವರ ಬಟ್ಟೆ: ಮೊದಲು ಅರಿವೆ ನೋಡಿ, ಪ್ರಿಂಟ್ ಆಮೇಲೆ

ಬೇಸಿಗೆ ಅಂದರೆ ಹಕ್ಕಿ ಫೋಟೊ ತೆಗೆಯುವವರಿಗೆ ಹಬ್ಬ. ಕಾಡಿನ ಹಳ್ಳಗಳು ಬತ್ತಿರುತ್ತವೆ, ಅಂಗೈಯಗಲದ ನೀರಿದ್ದರೂ ಹಕ್ಕಿ ಇಳಿಯುತ್ತದೆ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ನ ನೀರಿನ ತೊಟ್ಟಿಗಳ ಎದುರು ಇರಲಿ, ಕರಡಿಧಾಮವಿರುವ ದರೋಜಿ ಕಡೆಯ ಕುರುಚಲು ಕಾಡಿರಲಿ, ಮಾರ್ಚ್‌ನಿಂದ ಮೇ ತನಕ ಕ್ಯಾಮೆರಾ ಹಿಡಿದವರು ಬರುತ್ತಲೇ ಇರುತ್ತಾರೆ. ಬರುವವರಲ್ಲಿ ಎಷ್ಟೋ ಜನ ಆನ್‌ಲೈನ್‌ನಲ್ಲಿ ತರಿಸಿದ ದಪ್ಪ ಕ್ಯಾಮೊ ಜಾಕೆಟ್ (ಸುತ್ತಲಿನ ಕಾಡಿನಲ್ಲಿ ಬೆರೆತುಹೋಗಲೆಂದು ಎಲೆ, ಮಚ್ಚೆಗಳ ಪ್ರಿಂಟ್ ಹೊಡೆದದ್ದು) ತೊಟ್ಟಿರುತ್ತಾರೆ. ಬೆಳಿಗ್ಗೆ ಏಳಕ್ಕೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಒಂಬತ್ತಕ್ಕೆ ಕುತ್ತಿಗೆ ಒರೆಸಿಕೊಳ್ಳುವುದು ಶುರು. ಹತ್ತಕ್ಕೆ ಜಾಕೆಟ್ ಬಿಚ್ಚಿ ಪಕ್ಕಕ್ಕಿಟ್ಟರೆ ಒಳಗೆ ಬೆಳ್ಳಗೆ ಹೊಳೆಯುವ ಬನಿಯನ್. ಮೂರೂವರೆ ಸಾವಿರ ರೂಪಾಯಿ ಕೊಟ್ಟು ಮಾಡಿಕೊಂಡ ಮರೆ ಅಲ್ಲಿಗೆ ಮುಗಿಯಿತು.

ಹಕ್ಕಿ ಬೆದರುವುದು ಬಣ್ಣಕ್ಕಿಂತ ಜಾಸ್ತಿ ಅಲುಗಾಟಕ್ಕೆ. ಸೆಕೆ ಹತ್ತಿದವರಿಗೆ ಅಲುಗಾಡದೆ ಕೂರಲು ಆಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ನಿಮ್ಮನ್ನು ಒಂದೂವರೆ ಗಂಟೆ ಕದಲದೆ ಕೂರಿಸುವ ಬಟ್ಟೆಯೇ ಒಳ್ಳೆಯ ಬಟ್ಟೆ. ಅದರ ಮೇಲೆ ಎಲೆಯ ಚಿತ್ರ ಇದೆಯೋ ಇಲ್ಲವೋ ಅನ್ನುವುದು ನಂತರದ ಮಾತು.

ಅಂಗಡಿಯಲ್ಲಿ ಸಿಗುವ ಕ್ಯಾಮೊ ಬಟ್ಟೆಗಳ ವಿನ್ಯಾಸದಲ್ಲಿ ಕೆಲವು ಹುಟ್ಟಿದ್ದು ಅಮೆರಿಕದ ಬಿಲ್ಲು ಬೇಟೆಗಾರರಿಗಾಗಿ. ಬಂದೂಕಿನವನಿಗೆ ದೂರದಿಂದಲೇ ಕೆಲಸ ಆಗುತ್ತದೆ. ಬಿಲ್ಲಿನವನಿಗೆ ಜಿಂಕೆ ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಬಿಲ್ಲಿನ ಸೀಸನ್ ಶುರುವಾಗುವುದೂ ಸೆಕೆ ಇರುವ ಸೆಪ್ಟೆಂಬರ್‌ನಲ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಈಗ ಬೇಟೆಯ ಮಾತೇ ಇಲ್ಲ. ಆದರೆ ಹತ್ತಿರ ಹೋಗಬೇಕು, ಬೆವರಬಾರದು, ಸದ್ದು ಮಾಡಬಾರದು ಅನ್ನುವ ಅವರ ಕಷ್ಟವೇ ಫೋಟೊ ತೆಗೆಯುವವರ ಕಷ್ಟವೂ ಹೌದು. ಬಟ್ಟೆಯ ವಿಷಯದಲ್ಲಿ ಅವರಿಂದ ಕಲಿಯುವುದು ಬೇಕಾದಷ್ಟಿದೆ. ಅವರಿಗೆಂದು ಮಾಡಿದ ವಾಸನೆ ತಡೆಯುವ ಇದ್ದಿಲಿನ ಪದರದ ದುಬಾರಿ ಅಂಗಿ ಮಾತ್ರ ಬೇಡ. ಹಕ್ಕಿ ನಿಮ್ಮ ಬೆವರು ಮೂಸಿ ಹಾರಿಹೋಗುವುದಿಲ್ಲ.

ಹೆಜ್ಜೆ 1: ಎಲ್ಲಿ ಕೂರುತ್ತೀರಿ?

ಸಫಾರಿ ಜೀಪಿನಲ್ಲಾದರೆ ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು. ಮಾಸಲು ಬಣ್ಣದ ತೆಳು ಅಂಗಿ ಸಾಕು. ಜೀಪಿನಲ್ಲಿ ಕ್ಯಾಮೊ ಹಾಕುವುದು ಸೆಲ್ಫಿಗೆ ಮಾತ್ರ. ಬಯಲಲ್ಲೋ, ಮರದ ನೆರಳಲ್ಲೋ, ಹೈಡ್ (ಹಕ್ಕಿಗೆ ಕಾಣದಂತೆ ಅಡಗಿ ಕೂರಲು ಕಟ್ಟಿದ, ಕಿಂಡಿ ಇರುವ ಮರೆ) ಒಳಗೋ ಕೂರುವವರು ಮುಂದೆ ಓದಿ.

ಹೆಜ್ಜೆ 2: ಅರಿವೆ ಆರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಅಂಗಡಿಗೆ ಹೋದ ತಕ್ಷಣ ಪ್ರಿಂಟ್ ನೋಡುತ್ತಾರೆ, ಸೈಜ್ ನೋಡುತ್ತಾರೆ, ಬಿಲ್ ಮಾಡಿಸುತ್ತಾರೆ. ಅರಿವೆಯನ್ನು ಕೈಯಲ್ಲಿ ಹಿಡಿದು ನೋಡುವುದೇ ಇಲ್ಲ.

ಮೊದಲು ತೂಕ. ಲೇಬಲ್‌ನಲ್ಲಿ ಜಿಎಸ್‌ಎಂ ಅಂತ ಇದ್ದರೆ ನೋಡಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಅಂಗಿಗೆ 100ರಿಂದ 130, ಪ್ಯಾಂಟಿಗೆ 150ರಿಂದ 180 ಸಾಕು. ಮಿಲಿಟರಿ ಸಾಮಾನು ಮಾರುವ ಅಂಗಡಿಗಳ ಗಟ್ಟಿ ಡ್ರಿಲ್ ಬಟ್ಟೆ 200 ದಾಟಿರುತ್ತದೆ. ಹತ್ತು ವರ್ಷ ಬಾಳಿಕೆ ಬರುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಬಾಳಿಕೆ ಬರುತ್ತದೆ ನಿಜ, ಆದರೆ ಅದರೊಳಗೆ ಮೇ ತಿಂಗಳಲ್ಲಿ ನೀವು ಬಾಳಬೇಕಲ್ಲ!

ಲೇಬಲ್ ಇಲ್ಲದಿದ್ದರೆ, ಇದ್ದರೂ ಸರಿ, ಈ ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡಿ. ಸಂಕೋಚ ಬೇಡ.

ಬಟ್ಟೆಯ ಒಂದೇ ಪದರವನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಆ ಕಡೆ ಅಂಗೈ ಇಟ್ಟುಕೊಳ್ಳಿ. ಉಸಿರು ಅಂಗೈಗೆ ತಾಗಿದರೆ ಗಾಳಿಯಾಡುತ್ತದೆ. ಕೆನ್ನೆ ಉಬ್ಬಿ ಉಸಿರು ವಾಪಸ್ ಬಂದರೆ ಅಂಥ ಅಂಗಿ ಅಲ್ಲೇ ಬಿಟ್ಟುಬಿಡಿ.

ತೋಳಿನ ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಉಜ್ಜಿ. ನೈಲಾನ್ ಜಾಸ್ತಿ ಇದ್ದರೆ ಸರಸರ ಅನ್ನುತ್ತದೆ. ಅಂಗಡಿಯ ಗದ್ದಲದಲ್ಲೇ ಆ ಸದ್ದು ಕೇಳಿಸಿದರೆ, ಕಾಡಿನ ಮಧ್ಯಾಹ್ನದಲ್ಲಿ ಕೇಳಿಸದೆ ಇರುತ್ತದಾ? ಜೇಬಿಗೆ ವೆಲ್ಕ್ರೊ ಇದ್ದರೆ ಇನ್ನೂ ಕಷ್ಟ. ಪರ್ರ್ ಅಂತ ಒಮ್ಮೆ ಎಳೆದರೆ ಎದುರಿನ ತೊಟ್ಟಿ ಖಾಲಿ. ಗುಂಡಿ ಇರುವ ಜೇಬೇ ವಾಸಿ.

ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ಬೆಳಕು ಬಿಡಿ. ಬಟ್ಟೆ ಮಿರಮಿರ ಮಿಂಚಿದರೆ ಬೇಡ. ಆಟಕ್ಕೆ ಹಾಕುವ ನುಣುಪಾದ ಪಾಲಿಯೆಸ್ಟರ್ ಮೇಲೆ ಕ್ಯಾಮೊ ಪ್ರಿಂಟ್ ಹೊಡೆದು ಮಾರುತ್ತಾರೆ, ಇನ್ನೂರೈವತ್ತಕ್ಕೆಲ್ಲ ಸಿಗುತ್ತದೆ. ಬಿಸಿಲು ಬಿದ್ದರೆ ಮೊಣಕಾಲು ಹೊಳೆಯುತ್ತದೆ. ಅಂಥದ್ದು ದಯವಿಟ್ಟು ಬೇಡ.

ಕೊನೆಗೆ ನೇಯ್ಗೆ. ಎಳೆದರೆ ಹಿಗ್ಗುವ ಟೀ ಶರ್ಟ್ ಬಟ್ಟೆ ಬೆವರಿದಾಗ ಬೆನ್ನಿಗೆ ಅಂಟುತ್ತದೆ. ಅಂಟಿದ ಮೇಲೆ ಗಾಳಿ ಒಳಗೆ ಬರುವುದಿಲ್ಲ, ಸೊಳ್ಳೆ ಅದರ ಮೂಲಕವೇ ಕಚ್ಚುತ್ತದೆ, ಹುಲ್ಲಿನ ಮುಳ್ಳು ಚುಚ್ಚಿಕೊಂಡರೆ ಸಂಜೆ ತನಕ ಕೀಳುತ್ತಾ ಕೂರಬೇಕು. ಮಗ್ಗದಲ್ಲಿ ನೇಯ್ದ, ಹಿಗ್ಗದ ಅರಿವೆಯೇ ಒಳ್ಳೆಯದು.

ಈಗ ಹತ್ತಿಯೋ ಪಾಲಿಯೆಸ್ಟರೋ ಅನ್ನುವ ಹಳೇ ಜಗಳ. ಉತ್ತರ ಊರಿನ ಮೇಲೆ ನಿಂತಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಗಾಳಿ ಒಣಗಿರುತ್ತದೆ. ಅಲ್ಲಿ ಹತ್ತಿ ಬಟ್ಟೆ ಬೆವರು ಹೀರುತ್ತದೆ, ಆ ಬೆವರು ಆರುವಾಗ ಮೈ ತಂಪಾಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆಯೇ. ಕರಾವಳಿ ಮತ್ತು ಘಟ್ಟದ ತಪ್ಪಲಲ್ಲಿ ಗಾಳಿಯಲ್ಲೇ ನೀರಿರುತ್ತದೆ, ಬೆವರು ಆರುವುದೇ ಇಲ್ಲ. ಅಲ್ಲಿ ಪೂರ್ತಿ ಹತ್ತಿ ಹಾಕಿದರೆ ಒದ್ದೆ ಗೋಣಿ ಹೊದ್ದಂತೆ ಭಾರವಾಗುತ್ತದೆ, ತೊಡೆಸಂದಿ ಉಜ್ಜಿ ಕೆಂಪಾಗುತ್ತದೆ. ಅಂಥ ಕಡೆ ಪಾಲಿಯೆಸ್ಟರ್ ಬೆರೆತ ತೆಳು ಹತ್ತಿ ಬೇಗ ಆರುತ್ತದೆ. ಒಳಉಡುಪು ಎಲ್ಲಿಗೆ ಹೋದರೂ ಪೂರ್ತಿ ಹತ್ತಿಯದು ಬೇಡ.

ಬಯಲುಸೀಮೆಗೆ ನನ್ನ ಆಯ್ಕೆ ಒಂದೇ: ಖಾದಿ. ಕೈಯಲ್ಲಿ ನೂತ ನೂಲು ಒಂದೇ ಸಮ ಇರುವುದಿಲ್ಲ, ಹಾಗಾಗಿ ಅರಿವೆ ಮಿಂಚುವುದಿಲ್ಲ, ಸದ್ದಿಲ್ಲ, ಊದಿದರೆ ಉಸಿರು ಸಲೀಸಾಗಿ ದಾಟುತ್ತದೆ. ಖಾದಿಯ ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿ ಇರುವ ನಾಡು ನಮ್ಮದು, ಒಳ್ಳೆಯ ಖಾದಿಗೆ ಬರವಿಲ್ಲ. ಮಣ್ಣಿನ ಬಣ್ಣದ ಅಥವಾ ಬೂದು ಬಣ್ಣದ ತೆಳು ಖಾದಿ ತಂದು ದರ್ಜಿ ಹತ್ತಿರ ಹೊಲಿಸಿ. 36 ಇಂಚು ಅಗಲದ ಬಟ್ಟೆಯಾದರೆ ತುಂಬು ತೋಳಿನ ಸಡಿಲ ಅಂಗಿಗೆ ಸುಮಾರು ಎರಡೂವರೆ ಮೀಟರ್ ಬೇಕು. ಪ್ಯಾಂಟಿಗೆ ಮಾತ್ರ ಖಾದಿ ಬೇಡ. ಸಡಿಲ ನೇಯ್ಗೆಗೆ ಹುಲ್ಲಿನ ಮುಳ್ಳು, ಉತ್ತರಾಣಿ ಬೀಜ ಎಲ್ಲ ಹಿಡಿದುಕೊಳ್ಳುತ್ತವೆ. ಪ್ಯಾಂಟ್ ಒತ್ತಾಗಿ ನೇಯ್ದ ಮಿಶ್ರ ಬಟ್ಟೆಯದ್ದಿರಲಿ.

ಇನ್ನೊಂದು ಮಾತು. ಬಟ್ಟೆಯ ಎಲೆಗಳನ್ನು ಜೋತುಬಿಟ್ಟ ಜಾಲರಿ ಸೂಟ್ ಒಂದು ಬಂದಿದೆ. ಫೋಟೊದಲ್ಲಿ ಭಾರಿ ಚೆನ್ನಾಗಿ ಕಾಣುತ್ತದೆ. ಜಾಲಿ ಗಿಡಗಳ ನಡುವೆ ನೂರು ಮೀಟರ್ ನಡೆದು ನೋಡಿ, ಎಲೆಗಳೆಲ್ಲ ಮುಳ್ಳಿಗೆ ಸಿಕ್ಕಿ ಕಾಡಿನಲ್ಲೇ ಉಳಿಯುತ್ತವೆ. ಅದು ಕಸ ಕೂಡ ಹೌದು.

ಹೆಜ್ಜೆ 3: ಅಳತೆ

ಒಂದು ಸೈಜ್ ದೊಡ್ಡದು, ತುಂಬು ತೋಳು, ಕಾಲರ್. ಅಷ್ಟೇ.

ಹೆಜ್ಜೆ 4: ಬಣ್ಣ, ಪ್ರಿಂಟ್

ಕ್ಯಾಮೊ ಅಂದರೆ ಕಡುಹಸಿರು ಅನ್ನುವುದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿ. ನೆಲವೆಲ್ಲ ಒಣಹುಲ್ಲಿನ ಬಣ್ಣ. ಅಲ್ಲಿ ಕಡುಹಸಿರು ಪ್ರಿಂಟ್ ಹಾಕಿ ಕೂತರೆ ದೂರಕ್ಕೆ ಕಪ್ಪು ಗುಡ್ಡೆಯೊಂದು ಕಾಣುತ್ತದೆ, ಅಷ್ಟೇ. ಅಲ್ಲಿಗೆ ಖಾಕಿ, ಒಣಹುಲ್ಲು, ತಿಳಿ ಮಣ್ಣಿನ ಬಣ್ಣ. ಕಡುಹಸಿರು ಬೇಕಾಗುವುದು ಮಲೆನಾಡಿನ ನಿತ್ಯಹಸಿರು ಕಾಡಿನಲ್ಲಿ.

ಪ್ರಿಂಟ್ ಬೇಕೇ ಬೇಕು ಅಂದರೆ ದೊಡ್ಡ ಮಚ್ಚೆಗಳದ್ದು ತಗೊಳ್ಳಿ. ಸಣ್ಣ ಸಣ್ಣ ಎಲೆಗಳ ಪ್ರಿಂಟ್ ಹತ್ತಿರದಿಂದ ಚಂದ. ಇಪ್ಪತ್ತು ಮೀಟರ್ ಆಚೆಯಿಂದ ಎಲ್ಲ ಕಲಸಿ ಒಂದೇ ಬಣ್ಣದ ಮುದ್ದೆಯಾಗುತ್ತದೆ. ಮೈಯ ಆಕಾರ ಒಡೆದು ಕಾಣಬೇಕಾದರೆ ತಿಳಿ ಮತ್ತು ಗಾಢ ಬಣ್ಣದ ಅಂಗೈಯಗಲದ ಮಚ್ಚೆಗಳಿರಬೇಕು. ಅಂಗಿ ಒಂದು ಬಣ್ಣ, ಪ್ಯಾಂಟ್ ಇನ್ನೊಂದು ಬಣ್ಣ ಇದ್ದರೂ ಅರ್ಧ ಕೆಲಸ ಆಗುತ್ತದೆ.

ಹೈಡ್ ಒಳಗೆ ಕೂರುವವರಿಗೆ ಲೆಕ್ಕವೇ ಬೇರೆ. ಹೈಡ್ ಒಳಗೆ ಕತ್ತಲೆ. ಅಲ್ಲಿ ತಿಳಿಹಸಿರು ಎಲೆ ಪ್ರಿಂಟ್ ಹಾಕಿದರೆ ಕಿಂಡಿಯಿಂದ ನೀವು ಎದ್ದು ಕಾಣುತ್ತೀರಿ. ಕಪ್ಪು ಅಥವಾ ಕಡುಕಂದು ತೆಳು ಅಂಗಿ ಹಾಕಿ. ಅಮೆರಿಕದಲ್ಲಿ ಟೆಂಟಿನಂಥ ಮರೆಯಲ್ಲಿ ಕೂರುವ ಬಿಲ್ಲಿನವರು ಮಾಡುವುದೂ ಇದನ್ನೇ. ಇನ್ನು ನರ್ಸರಿಗೆ ಹಾಕುವ ಹಸಿರು ನೆಟ್ ತಂದು ಸ್ವಂತ ಹೈಡ್ ಕಟ್ಟುವವರಿದ್ದಾರೆ. ಅಂಥ ಹಸಿರು ಯಾವ ಕಾಡಿನಲ್ಲೂ ಇಲ್ಲ. ಕಪ್ಪು ನೆಟ್ ಕೂಡ ಸಿಗುತ್ತದೆ, ಅದನ್ನೇ ಕೇಳಿ.

ಸೇನೆಯ ಪ್ರಿಂಟ್ ಮಾತ್ರ ಬೇಡವೇ ಬೇಡ. 2022ರ ಸೇನಾ ದಿನದಂದು ನಮ್ಮ ಸೇನೆ ಹೊಸ ಸಮವಸ್ತ್ರ ತೋರಿಸಿತು. ಆ ವಿನ್ಯಾಸದ ಹಕ್ಕನ್ನು ನೋಂದಾಯಿಸಿಕೊಂಡಿದೆ ಕೂಡ. ಅದರ ನಕಲು ಬಟ್ಟೆ ರಸ್ತೆ ಬದಿ ಸಿಕ್ಕಿತು ಅಂತ ಕೊಂಡು ಕಾಡಂಚಿಗೆ ಹೋದರೆ ಹಕ್ಕಿಗಿಂತ ಮೊದಲು ಅರಣ್ಯ ಸಿಬ್ಬಂದಿ ನಿಮ್ಮನ್ನು ನೋಡುತ್ತಾರೆ. ಅವರ ಅನುಮಾನ ತಪ್ಪಲ್ಲ, ಕಳ್ಳಬೇಟೆಯವರನ್ನು ಹುಡುಕುವುದು ಅವರ ಕೆಲಸ. ಸುಮ್ನೆ ಯಾಕೆ ಮಾತು ಬೆಳೆಸುವುದು ಅಲ್ವಾ?

ನೀಲಿ ಜೀನ್ಸ್ ಬಗ್ಗೆಯೂ ಹೇಳಬೇಕು. ಚುಕ್ಕೆ ಜಿಂಕೆ, ಕೃಷ್ಣಮೃಗದಂಥ ಪ್ರಾಣಿಗಳಿಗೆ ಕೆಂಪು, ಕೇಸರಿ ಅಷ್ಟಾಗಿ ತಿಳಿಯುವುದಿಲ್ಲ, ನೀಲಿ ಚೆನ್ನಾಗಿ ತಿಳಿಯುತ್ತದೆ. ಜೀನ್ಸ್ ದಪ್ಪ, ಬಿಸಿ, ಒದ್ದೆಯಾದರೆ ಆರದು, ಮೇಲೆ ನೀಲಿ ಬೇರೆ.

ಹೆಜ್ಜೆ 5: ಒಗೆಯುವುದು

ಎಲ್ಲ ಸರಿಯಾಗಿ ಆರಿಸಿದವರೂ ಕೆಡಿಸಿಕೊಳ್ಳುವುದು ವಾಷಿಂಗ್ ಮೆಷಿನ್‌ನಲ್ಲಿ. ಬಟ್ಟೆ ಫಳಫಳ ಕಾಣಲಿ ಅಂತ ಬಹಳಷ್ಟು ಡಿಟರ್ಜೆಂಟ್‌ಗಳಲ್ಲಿ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಅದು ಬಿಸಿಲಿನ ಅತಿನೇರಳೆ ಕಿರಣ ಹೀರಿಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ನಮ್ಮ ಕಣ್ಣಿಗೆ ಬಟ್ಟೆ ಹೊಸದರಂತೆ ಕಾಣುತ್ತದೆ. ಆದರೆ ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆಯಾದರೆ ಹಕ್ಕಿಗಳಿಗೆ ನಾಲ್ಕು ಬಗೆ. ಎಷ್ಟೋ ಹಕ್ಕಿಗಳಿಗೆ ಅತಿನೇರಳೆಯೂ ಕಾಣುತ್ತದೆ. ಜಿಂಕೆಗಳಿಗಂತೂ ನೀಲಿ ಮೊದಲೇ ಚೆನ್ನಾಗಿ ಕಾಣುತ್ತದೆ. ಒಣಹುಲ್ಲಿನ ನಡುವೆ ಹೀಗೆ ನೀಲಿ ಸೂಸುವ ಬಟ್ಟೆ ಎದ್ದು ಕಾಣದೆ ಇರುತ್ತದಾ?

ನಿಮ್ಮ ಬಟ್ಟೆಗೆ ಇದು ಹತ್ತಿದೆಯಾ ಎಂದು ನೋಡುವುದು ಸುಲಭ. ಅಂಗಡಿಗಳಲ್ಲಿ ಖೋಟಾ ನೋಟು ಪರೀಕ್ಷಿಸಲು ಇಟ್ಟಿರುವ ನೇರಳೆ ಬೆಳಕಿನ ದೀಪ ಇದೆಯಲ್ಲ, ಅಂಥದ್ದೇ ಚಿಕ್ಕ ಟಾರ್ಚ್ ಸಿಗುತ್ತದೆ. 365 ನ್ಯಾನೊಮೀಟರ್‌ನದ್ದು ತಗೊಳ್ಳಿ. 395ರದ್ದು ಅಗ್ಗ, ಆದರೆ ಅದರ ಬೆಳಕೇ ನೇರಳೆ ಇರುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೋಣೆ ಕತ್ತಲೆ ಮಾಡಿ ಬಟ್ಟೆಯ ಮೇಲೆ ಬಿಡಿ. ಮೊದಲು ಒಂದು ಬಿಳಿ ಶಾಲಾ ಅಂಗಿಯ ಮೇಲೆ ಬಿಟ್ಟು ನೋಡಿ, ಬೆಳಗುವುದು ಅಂದರೇನು ಅಂತ ತಿಳಿಯುತ್ತದೆ. ಕ್ಯಾಮೊ ಅಂಗಿಯ ತಿಳಿ ಮಚ್ಚೆಗಳು, ಹೊಲಿಗೆಯ ದಾರ, ಒಳಗಿನ ಲೇಬಲ್ ಎಲ್ಲ ಪರೀಕ್ಷಿಸಿ. ಎಷ್ಟೋ ಸಲ ಬಟ್ಟೆ ಸುಮ್ಮನಿದ್ದು ದಾರ ಮಾತ್ರ ಬೆಳಗುತ್ತಿರುತ್ತದೆ. ಕೊಂಡಾಗಲೇ ಪೂರ್ತಿ ಬೆಳಗುವ ಬಟ್ಟೆ ಬಂದರೆ ವಾಪಸ್ ಕಳಿಸಿ. ಹತ್ತಿಗೆ ಒಮ್ಮೆ ಹತ್ತಿದ ಈ ಹೊಳಪು ಸುಲಭವಾಗಿ ಬಿಡುವುದಿಲ್ಲ.

ಒಗೆಯಲು ಅಂಟುವಾಳ ಸಾಕು. ಏಳೆಂಟು ಕಾಯಿಯ ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಸೋಸಿ, ಆ ನೊರೆಯಲ್ಲಿ ಬಟ್ಟೆ ಅದ್ದಿ ಕೈಯಲ್ಲೇ ಹಿಂಡಿ. ಮೆಷಿನ್‌ಗೆ ಹಾಕಬೇಡಿ, ಹಿಂದಿನ ಸಲದ ಪುಡಿ ಅದರಲ್ಲಿ ಉಳಿದಿರುತ್ತದೆ. ನೀಲಿ ಹಾಕುವುದು, ಘಮಘಮ ಅನ್ನುವ ಕಂಡಿಷನರ್ ಎರಡೂ ಬೇಡ. ಹಕ್ಕಿಗೆ ವಾಸನೆ ಮುಖ್ಯವಲ್ಲ ಅಂದೆ, ಆದರೆ ದರೋಜಿಯ ಕರಡಿಗೆ ಮುಖ್ಯ. ನೆರಳಲ್ಲಿ ಒಣಗಿಸಿ.

ಹೆಜ್ಜೆ 6: ಮುಖ, ಕೈ, ಲೆನ್ಸ್

ಬೆವರಿದ ಮುಖ ಹೊಳೆಯುತ್ತದೆ, ಕೈ ಎಲ್ಲಕ್ಕಿಂತ ಜಾಸ್ತಿ ಅಲುಗಾಡುತ್ತದೆ. ತೆಳು ಹತ್ತಿಯ ಮಾಸಲು ಟವಲು ಕುತ್ತಿಗೆಗೆ ಸುತ್ತಿ ಮೂಗಿನ ತನಕ ಎಳೆದುಕೊಳ್ಳಿ. ಬೆರಳ ತುದಿ ಕತ್ತರಿಸಿದ ತೆಳು ಗ್ಲೌಸ್ ಹಾಕಿ. ಟೋಪಿಗೆ ಸುತ್ತಲೂ ಅಂಚಿರಲಿ. ಬಿಳಿ ದೊಡ್ಡ ಲೆನ್ಸ್ ಇರುವವರು ಅದಕ್ಕೊಂದು ಕವರ್ ಹಾಕಿ. ಮೈಗೆಲ್ಲ ಕ್ಯಾಮೊ ಹಾಕಿ ಮುಂದೆ ಬಿಳಿ ಕೊಳವೆ ಹಿಡಿದು ಕೂರುವವರನ್ನು ಕಂಡರೆ ನಗು ಬರುತ್ತದೆ.

ಮಲೆನಾಡಿಗೆ ಹೋಗುವವರು ಉಣ್ಣಿಯ ವಿಷಯ ಮರೆಯಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಬೇಸಿಗೆಯಲ್ಲೇ ಹೆಚ್ಚು, ಹರಡುವುದು ಉಣ್ಣಿಯಿಂದ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಬರಿನೆಲದ ಮೇಲೆ, ತರಗೆಲೆ ಮೇಲೆ ಕೂರಬೇಡಿ. ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಡೀಟ್ ಎಂಬ, ಸೊಳ್ಳೆ ಉಣ್ಣಿ ಓಡಿಸುವ ರಾಸಾಯನಿಕ ಇರುವ ಕ್ರೀಮ್ ಹಚ್ಚಿದ ಕೈಯಲ್ಲಿ ಮಾತ್ರ ಕ್ಯಾಮೆರಾ ಮುಟ್ಟಬೇಡಿ, ಅದು ಪ್ಲಾಸ್ಟಿಕ್ ಕರಗಿಸುತ್ತದೆ. ಕೆಲವು ಕೃತಕ ನೂಲಿನ ಬಟ್ಟೆಗಳನ್ನೂ ಹಾಳು ಮಾಡುತ್ತದೆ.

ಹೊರಡುವ ಮುನ್ನ

ಎಲ್ಲ ತೊಟ್ಟುಕೊಂಡು ಬೆಳಿಗ್ಗೆ ಹತ್ತಕ್ಕೆ ಊರ ಹೊರಗಿನ ಯಾವುದಾದರೂ ಬೀಳು ಹೊಲದಲ್ಲಿ ಅರ್ಧ ಗಂಟೆ ಕೂತು ನೋಡಿ. ಎಲ್ಲಿ ತುರಿಸುತ್ತದೆ, ಎಲ್ಲಿ ಬಿಗಿಯುತ್ತದೆ ಅಲ್ಲೇ ಗೊತ್ತಾಗುತ್ತದೆ. ಜೊತೆಗೆ ಬಂದವರಿಗೆ ಇಪ್ಪತ್ತು ಹೆಜ್ಜೆ ದೂರದಿಂದ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಲು ಹೇಳಿ, ಅದನ್ನು ಕಪ್ಪು ಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೆ ಉಳಿಯುವುದು ಗಾಢ ಎಷ್ಟು, ತಿಳಿ ಎಷ್ಟು ಅನ್ನುವುದು ಮಾತ್ರ. ಹಿನ್ನೆಲೆಗಿಂತ ನೀವು ಕಪ್ಪಗೆ ಕಂಡರೆ ಮೊದಲು ಪ್ಯಾಂಟ್ ಬದಲಿಸಿ, ಬೆಳ್ಳಗೆ ಕಂಡರೆ ಟೋಪಿ ಬದಲಿಸಿ.