ಪಾರ್ಲರಿನಾಕೆ ಮೆಲ್ಲಗೆ ಕೇಳಿದರೆ: ಅಮೆರಿಕದಲ್ಲಿರುವ ನಮ್ಮ ಭಾಗದವರಿಗೆ ಒಂದು ಮಾಹಿತಿ

ಬಳ್ಳಾರಿಯ ಕೌಲ್ ಬಜಾರಿನಲ್ಲೋ ಗಂಗಾವತಿಯಲ್ಲೋ ಇರುವ ತಾಯಿ ಶಿಕಾಗೋದ ಮಗಳನ್ನು ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ನೋಡುತ್ತಾಳೆ. ಆದರೆ ಫೋನಿನಲ್ಲಿ ಮುಖ ಕಂಡೀತೇ ಹೊರತು ಕಿವಿಯ ಹಿಂಬದಿ ಕಾಣುವುದಿಲ್ಲ. ಅದನ್ನು ಕಾಣುವವಳು ಅಲ್ಲಿ ಅವಳ ತಲೆ ತೊಳೆದು ಕೂದಲು ಕತ್ತರಿಸುವ ಪಾರ್ಲರಿನಾಕೆ.

ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ 2017ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಂತೆ, ಕೂದಲು, ಚರ್ಮ ಮತ್ತು ಉಗುರಿನ ಆರೈಕೆಯ ಕೆಲಸದವರು ತಮ್ಮ ಲೈಸೆನ್ಸ್ ನವೀಕರಿಸಿಕೊಳ್ಳಲು ಕೌಟುಂಬಿಕ ಹಿಂಸೆ ಹಾಗೂ ಲೈಂಗಿಕ ದೌರ್ಜನ್ಯವನ್ನು ಗುರುತಿಸುವ ಬಗ್ಗೆ ಒಂದು ಗಂಟೆಯ ತರಬೇತಿ ಪಡೆದಿರಬೇಕು. ಟೆನೆಸ್ಸೀಯಲ್ಲಿ 2022ರಿಂದ ಇಂಥದೇ ನಿಯಮವಿದೆ. ಎಲ್ಲ ರಾಜ್ಯಗಳಲ್ಲಿ ಇದು ಕಡ್ಡಾಯವಲ್ಲ.

ಕೂದಲು ಹಿಡಿದು ಎಳೆದಾಗ ನೆತ್ತಿಯಲ್ಲಿ ಬೋಳಾಗುವ ಜಾಗ, ಕತ್ತು ಹಿಸುಕಿದಾಗ ಕಿವಿಯ ಹಿಂದೆ ಏಳುವ ಸಣ್ಣ ಕೆಂಪು ಚುಕ್ಕೆಗಳು, ಒಂದು ಮಾಯುವ ಮೊದಲೇ ಇನ್ನೊಂದು ಮೂಡಿದ ಬಾವು, ಇವು ಮೈಮೇಲಿನ ಗುರುತುಗಳು. ಪಕ್ಕದಲ್ಲೇ ಕುಳಿತು ಕೂದಲಿನ ಅಳತೆಯನ್ನೂ ತಾನೇ ಹೇಳುವ ಗಂಡ, ಎಲ್ಲಿದ್ದೀ ಎಂದು ಐದೈದು ನಿಮಿಷಕ್ಕೆ ಬರುವ ಕರೆ, ಕೈಯಲ್ಲಿ ಸ್ವಂತಕ್ಕೆಂದು ಒಂದು ಡಾಲರೂ ಇಲ್ಲದಿರುವುದು ನಡವಳಿಕೆಯಲ್ಲಿ ಕಾಣುವ ಗುರುತುಗಳು. ಎರಡನೆಯ ಬಗೆಯವನ್ನು ನಮ್ಮಲ್ಲಿ ಎಷ್ಟೋ ಸಲ 'ಗಂಡನ ಕಾಳಜಿ' ಎಂದೇ ಕರೆಯುತ್ತೇವೆ, ಆದ್ದರಿಂದ ಅವೇ ಹೆಚ್ಚು ಕಾಲ ಮರೆಯಲ್ಲಿ ಉಳಿಯುತ್ತವೆ.

ಆದ್ದರಿಂದ ಪಾರ್ಲರಿನಾಕೆ 'ಮನೆಯಲ್ಲಿ ಎಲ್ಲ ಸರಿಯಿದೆಯೇ?' ಎಂದು ಕೇಳಿದರೆ, ಮನೆಯ ಮಾತು ಕೆದಕುತ್ತಿದ್ದಾಳೆಂದು ಸಿಟ್ಟಾಗಬೇಕಿಲ್ಲ. ಪೊಲೀಸರನ್ನು ಕರೆಸಿಬಿಡುತ್ತಾಳೆಂದು ಹೆದರಬೇಕಾಗಿಯೂ ಇಲ್ಲ. ಇಲಿನಾಯ್ ಕಾನೂನು ತರಬೇತಿಯನ್ನು ಕಡ್ಡಾಯ ಮಾಡಿದೆಯೇ ಹೊರತು ದೂರು ಕೊಡುವುದನ್ನಲ್ಲ. ಕೇಳಿಸಿಕೊಂಡು, ಸಹಾಯವಾಣಿಯ ಸಂಖ್ಯೆ ತಿಳಿಸುವಲ್ಲಿಗೆ ಆಕೆಯ ಪಾತ್ರ ಮುಗಿಯುತ್ತದೆ. ಪಾರ್ಲರ್ ನಮ್ಮವರದೇ ಆಗಿದ್ದು, ಹೇಳಿದ ಮಾತು ಹಬ್ಬದ ಕೂಟಕ್ಕೆ ಮುಟ್ಟೀತೆಂಬ ಅಳುಕಿದ್ದರೆ ಬೇರೆ ಕಡೆ ಹೋಗುವುದೇ ಲೇಸು. ಈ ಅಳುಕನ್ನು ನಾನು ಸಣ್ಣದೆಂದು ಹೇಳಲಾರೆ.

ಕೌಟುಂಬಿಕ ಹಿಂಸೆಗೆ ಒಳಗಾದವರಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಸಹಾಯವಾಣಿ 1-800-799-7233 ಹಗಲೂ ರಾತ್ರಿ ಉಚಿತವಾಗಿ ಲಭ್ಯವಿದ್ದು, ದುಭಾಷಿ ಬೇಕೆಂದು ಕೇಳಬಹುದು. ಗಂಡ ಫೋನ್ ತಪಾಸಣೆ ಮಾಡುವವನಾದರೆ ಪಾರ್ಲರಿನ ಫೋನಿನಿಂದಲೇ ಕರೆ ಮಾಡುವುದು ಕ್ಷೇಮ. ಶಿಕಾಗೋದಲ್ಲಿ ದಕ್ಷಿಣ ಏಷ್ಯಾದ ಮಹಿಳೆಯರ ನಡುವೆ ಬಹುಕಾಲದಿಂದ ಕೆಲಸ ಮಾಡುತ್ತಿರುವ ಅಪ್ನಾ ಘರ್ ಎಂಬ ಸಂಸ್ಥೆಯೂ ಇದೆ. ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾವನ್ನು ಅವಲಂಬಿಸಿದ ಪತ್ನಿಯ ವೀಸಾದಲ್ಲಿ, ಇರುವವರನ್ನು ತಡೆದು ನಿಲ್ಲಿಸುವುದು ಬಹುಪಾಲು 'ವೀಸಾ ನನ್ನ ಕೈಯಲ್ಲಿದೆ' ಎಂಬ ಗಂಡನ ಬೆದರಿಕೆ. ಹಿಂಸೆಗೊಳಗಾದ ಎಚ್-4 ಪತ್ನಿ ಕೆಲಸದ ಪರವಾನಗಿಗಾಗಿ ಸ್ವತಃ ಅರ್ಜಿ ಹಾಕಲು ಐ-765ವಿ ಎಂಬ ನಮೂನೆಯೇ ಇದೆ. ಅರ್ಜಿಗೆ ಮುನ್ನ ವಲಸೆ ವಕೀಲರೊಬ್ಬರನ್ನು ಕಾಣಬೇಕು.

ಊರಿನಲ್ಲಿರುವ ತಂದೆತಾಯಿಗೂ ಒಂದು ಮಾತು. ರಾಯಚೂರಿನಿಂದ ಅಮೆರಿಕದ ತುರ್ತು ಸಂಖ್ಯೆ 911 ಒತ್ತಿದರೆ ಆ ಕರೆ ಶಿಕಾಗೋ ಪೊಲೀಸರಿಗೆ ಹೋಗದು. ಮಗಳಿರುವ ಊರಿನ ಪೊಲೀಸ್ ಠಾಣೆಯ ಹತ್ತಂಕಿಯ ಸಂಖ್ಯೆಯನ್ನು, ಮುಂದೆ ದೇಶದ ಸಂಕೇತ 1 ಸೇರಿಸಿ, ಅವಳ ಮನೆಯ ಪೂರ್ಣ ವಿಳಾಸದೊಂದಿಗೆ ಇಂದೇ ಬರೆದಿಟ್ಟುಕೊಳ್ಳಿ.