ಪೆಪ್ಪರ್‌ಮಿಂಟ್ ಎಣ್ಣೆ: ಹನಿಯ ಅಳತೆ ಮೀರದಿರಲಿ

ಬೆಂಗಳೂರಿನಲ್ಲಿ ಧನುರ್ಮಾಸದ ಚಳಿ ಬಿದ್ದೊಡನೆ ಮೂಗು ಕಟ್ಟುವುದು, ತಲೆ ಭಾರವಾಗುವುದು ಮನೆಮನೆಯಲ್ಲೂ ಶುರುವಾಗುತ್ತದೆ; ಆಗ ಗ್ರಂಧಿಗೆ ಅಂಗಡಿಯಿಂದಲೋ ಔಷಧದ ಅಂಗಡಿಯಿಂದಲೋ ಪೆಪ್ಪರ್‌ಮಿಂಟ್ ಎಣ್ಣೆಯ ಪುಟ್ಟ ಸೀಸೆಯೊಂದು ಮನೆ ಸೇರುತ್ತದೆ. ಬಹುಕಾಲದಿಂದ ಇದನ್ನು ಬಳಸುತ್ತಿರುವ ನಾನು ಮನೆಯ ಹೆಣ್ಣುಮಕ್ಕಳಿಗೆ ಮೊದಲು ಹೇಳುವ ಮಾತೆಂದರೆ, ಇದು ಕೊಬ್ಬರಿ ಎಣ್ಣೆಯಂತೆ ಅಂಗೈಗೆ ಸುರಿದುಕೊಳ್ಳುವ ಎಣ್ಣೆಯಲ್ಲ. ಪುದೀನದ ಜಾತಿಯ ಗಿಡವೊಂದರ ರಾಶಿ ಸೊಪ್ಪನ್ನು ಹಬೆಯಲ್ಲಿ ಭಟ್ಟಿ ಇಳಿಸಿದಾಗ ದೊರೆಯುವ ತೀಕ್ಷ್ಣ ಸಾರವಿದು.

ಕೊಳ್ಳುವಾಗ ಸೀಸೆಯ ಮೇಲೆ ಬರೆದಿರುವ ಸಸ್ಯದ ಹೆಸರನ್ನು ತಪ್ಪದೆ ಓದಬೇಕು. ಮೆಂಥಾ ಪೈಪೆರಿಟಾ ಎಂದಿದ್ದರೆ ಅದು ಪೆಪ್ಪರ್‌ಮಿಂಟ್. ಅದರಲ್ಲಿ ತಂಪೆನಿಸುವಂತೆ ಮಾಡುವ ಅಂಶವಾದ ಮೆಂಥಾಲ್ ಸಾಮಾನ್ಯವಾಗಿ ಶೇ. 30ರಿಂದ 50ರಷ್ಟಿರುತ್ತದೆ. ಉತ್ತರ ಪ್ರದೇಶದ ಬಾರಾಬಂಕಿಯ ಕಡೆ ಹೇರಳವಾಗಿ ಬೆಳೆಯುವ ಮೆಂಥಾ ಅರ್ವೆನ್ಸಿಸ್‌ನ ಎಣ್ಣೆ ಅಗ್ಗವಾದರೂ ಅದರಲ್ಲಿ ಮೆಂಥಾಲ್ ಬಹಳ ಹೆಚ್ಚು, ಆದ್ದರಿಂದ ಅದನ್ನು ಇನ್ನೂ ತೆಳುವಾಗಿಸಿಯೇ ಬಳಸಬೇಕು.

ತಲೆನೋವಿಗೆ, ಅದರಲ್ಲೂ ದಿನವಿಡೀ ದುಡಿದು ವಾಹನಗಳ ಗದ್ದಲದಲ್ಲಿ ಮನೆಗೆ ಬಂದವರ ಹಣೆ ಬಿಗಿದಂತಾಗುವ ನೋವಿಗೆ, ಇದರಷ್ಟು ಒಪ್ಪುವ ಮನೆಮದ್ದನ್ನು ನಾನು ಕಂಡಿಲ್ಲ. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ ಬೆರೆಸಿ, ಕಣ್ಣಿನಿಂದ ದೂರವಿರುವಂತೆ ಹಣೆಗೂ ಕಣತಲೆಗೂ ಬೆರಳ ತುದಿಯಿಂದ ಮೆಲ್ಲಗೆ ಸವರಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರೆ ಬಿಗಿ ಸಡಿಲವಾಗುತ್ತದೆ. ಜರ್ಮನಿಯಲ್ಲಿ ಇಂಥ ತಲೆನೋವಿಗೆ ಶೇ. 10ರ ದ್ರಾವಣವನ್ನು ಔಷಧವಾಗಿಯೇ ಮಾರುತ್ತಾರೆ. ಚರ್ಮದಲ್ಲಿ ತಂಪನ್ನು ಗುರುತಿಸುವ ನರಗಳ ತುದಿಯನ್ನು ಮೆಂಥಾಲ್ ಎಚ್ಚರಿಸುವುದರಿಂದ ಮೈಯ ಬಿಸಿ ಇಳಿಯದಿದ್ದರೂ ತಂಪೆನಿಸುತ್ತದೆ. ಹೀಗಾಗಿ ಜ್ವರ ಬಂದವರಿಗೆ ಇದನ್ನು ಬಳಿದು ಜ್ವರ ಇಳಿಯಿತೆಂದು ನಂಬಬಾರದು.

ಮೂಗು ಕಟ್ಟಿದಾಗಲೂ ಇದೇ ಗುಣ ಕೆಲಸ ಮಾಡುತ್ತದೆ. ಬಿಸಿನೀರಿನ ಪಾತ್ರೆಗೆ ಒಂದು ಹನಿ ಬಿಟ್ಟು, ಕಣ್ಣು ಮುಚ್ಚಿಕೊಂಡು ಹಬೆ ತೆಗೆದುಕೊಂಡರೆ ಉಸಿರು ಸರಾಗವಾದಂತೆನಿಸುತ್ತದೆ, ಆದರೆ ನೆಗಡಿ ಅದರ ಕಾಲಕ್ಕೇ ಹೋಗುತ್ತದೆ. ಉಬ್ಬಸ ಇರುವವರು ಈ ಹಬೆಯ ಗೋಜಿಗೆ ಹೋಗದಿರುವುದು ಲೇಸು. ಪ್ರಯಾಣದಲ್ಲಿ ವಾಕರಿಕೆ ಬರುವವರು ಕರವಸ್ತ್ರಕ್ಕೆ ಒಂದು ಹನಿ ಹಾಕಿ ಮೂಸಿದರೆ ಸಾಕು.

ಹೊಟ್ಟೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಈ ಎಣ್ಣೆ ಕರುಳಿನ ಸ್ನಾಯುಗಳನ್ನು ಸಡಿಲಿಸಿ ಹೊಟ್ಟೆ ನುಲಿಯುವುದನ್ನು, ಉಬ್ಬರವನ್ನು ತಗ್ಗಿಸುವುದು ನಿಜ. ವೈದ್ಯರು ಇದಕ್ಕೆಂದೇ ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಹೊದಿಕೆಯ ಕ್ಯಾಪ್ಸೂಲ್ ಬರೆದುಕೊಡುತ್ತಾರೆ. ಸೀಸೆಯ ಎಣ್ಣೆಯನ್ನೇ ನೀರಿಗೆ ಬಿಟ್ಟು ಕುಡಿದರೆ ಅನ್ನನಾಳದ ಕೆಳಗಿನ ಕವಾಟವೂ ಸಡಿಲಗೊಂಡು ಹುಳಿತೇಗು, ಎದೆಯುರಿ ಹೆಚ್ಚುತ್ತದೆ. ಪಿತ್ತಕೋಶದಲ್ಲಿ ಕಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಸೇವಿಸಲೇಬಾರದು. ಊಟದ ನಂತರದ ಸಣ್ಣ ಉಬ್ಬರಕ್ಕೆ ಗಾಂಧಿಬಜಾರಿನಲ್ಲಿ ಸಿಗುವ ತಾಜಾ ಪುದೀನದ ನಾಲ್ಕೆಲೆ ಕುದಿಸಿ ಕುಡಿಯುವುದೇ ಸಾಕಷ್ಟಾಯಿತು.

ಬಾಣಂತಿ ಕೋಣೆಯಲ್ಲಿ ಈ ಸೀಸೆ ಇರಕೂಡದು. ಎಳೆಗೂಸಿನ ಮೂಗಿನ ಬಳಿಯಾಗಲಿ ಎದೆಗಾಗಲಿ ಮೆಂಥಾಲ್ ಸವರಿದರೆ ಗಂಟಲು ಬಿಗಿದು ಉಸಿರು ನಿಲ್ಲುವ ಅಪಾಯವಿದೆ. ಮಗುವಿನ ಶೀತಕ್ಕೆ ಒಳ್ಳೆಯದೆಂದು ಯಾರೇ ಹಿರಿಯರು ಹೇಳಿದರೂ, ದಯವಿಟ್ಟು ಹಚ್ಚಬೇಡಿ. ಬೆಕ್ಕು ಸಾಕಿದವರೂ ಇದನ್ನು ಅದರಿಂದ ದೂರವಿಡಬೇಕು.

ಮೊದಲ ಸಲ ಬಳಸುವವರು ಬೆರೆಸಿದ ಎಣ್ಣೆಯನ್ನು ಮೊಣಕೈ ಒಳಬದಿಗೆ ಸವರಿ ಒಂದು ದಿನ ನೋಡಿರಿ. ಚರ್ಮ ಉರಿದರೆ ಬರಿಯ ನೀರಿನಿಂದ ಎಣ್ಣೆ ಹೋಗದು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಮಾತ್ರ ಧಾರಾಳವಾಗಿ ನೀರು ಹಾಯಿಸುತ್ತಾ ತಡಮಾಡದೆ ವೈದ್ಯರ ಬಳಿ ಹೋಗಬೇಕು.